ಹೊಲದ ಬೆಣಚುಕಲ್ಲು, ಬ್ರೆಜಿಲ್‌ನ ಸ್ಫಟಿಕ: ಎರಡೂ ಒಂದೇ ಆದರೆ ವ್ಯತ್ಯಾಸ ಯಾಕೆ?

ಪ್ರಶ್ನೆ: ನಮ್ಮದು ಚಿತ್ರದುರ್ಗದ ಕಡೆಯ ಹಳ್ಳಿ. ಹೊಲದ ತುಂಬ ಬೆಣಚುಕಲ್ಲು. ಬೆಣಚುಕಲ್ಲು, ಸ್ಫಟಿಕ ಎರಡೂ ಕ್ವಾರ್ಟ್ಜ್ ಅಂತ ಕಾಲೇಜಿಗೆ ಹೋಗುವ ಮಗಳು ಹೇಳುತ್ತಾಳೆ. ಹೋದ ತಿಂಗಳು ಬೆಂಗಳೂರಿನಲ್ಲಿ ಒಂದು ಸ್ಫಟಿಕದ ಮಾಲೆ, ಹಳದಿ ಹರಳಿನ ಉಂಗುರ, ಒಳಗೆಲ್ಲ ನೇರಳೆ ಹರಳು ತುಂಬಿದ ಒಂದು ಕಲ್ಲಿನ ಗೂಡು ತೆಗೆದುಕೊಂಡೆವು. ಮೂರೂ ಬ್ರೆಜಿಲ್‌ನವು ಅಂತ ಅಂಗಡಿಯವರು ಹೇಳಿದರು. ಒಂದೇ ಕಲ್ಲಾದರೆ ನಮ್ಮ ಹೊಲದ್ದು ಯಾಕೆ ಹಾಗಿಲ್ಲ? ಬ್ರೆಜಿಲ್‌ನಲ್ಲಿ ಇದು ಎಲ್ಲಿ ಸಿಗುತ್ತದೆ? ನಾವು ತಂದಿದ್ದು ಅಸಲಿಯೇ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಹೊಲದ ಬೆಣಚುಕಲ್ಲು, ಕೊರಳಿನ ಸ್ಫಟಿಕ, ಆ ನೇರಳೆ ಗೂಡು, ಉಂಗುರದ ಹಳದಿ ಹರಳು ಎಲ್ಲವೂ ಕ್ವಾರ್ಟ್ಜ್. ಒಂದು ಪಾಲು ಸಿಲಿಕಾನ್, ಎರಡು ಪಾಲು ಆಮ್ಲಜನಕ ಸೇರಿದ ಸಿಲಿಕಾ, ಅಷ್ಟೇ. ಗಡಸುತನ ಒಂದೇ, ಒಂದೇ ಗಾತ್ರದ ಚೂರಾದರೆ ತೂಕವೂ ಒಂದೇ. ಚಿಕ್ಕವರಿದ್ದಾಗ ಕತ್ತಲಲ್ಲಿ ಎರಡು ಬೆಣಚುಕಲ್ಲು ಉಜ್ಜಿ ಬೆಳಕು ನೋಡಿರುತ್ತೀರಿ ಅಲ್ವಾ? ಬ್ರೆಜಿಲ್‌ನ ಎರಡು ಸ್ಫಟಿಕ ಉಜ್ಜಿದರೂ ಅದೇ ಬೆಳಕು ಬರುತ್ತದೆ. (ಕಿರಾಣಿ ಅಂಗಡಿಯಲ್ಲಿ ಸಿಗುವ ಪಟಿಕ ಮಾತ್ರ ಬೇರೆ. ಹೆಸರು ಹತ್ತಿರ ಇದ್ದರೂ ಅದು ನೀರಿನಲ್ಲಿ ಕರಗುವ ಉಪ್ಪಿನ ಜಾತಿ.)

ಹಾಗಾದರೆ ವ್ಯತ್ಯಾಸ ಎಲ್ಲಿ ಬಂತು? ಬೆಳೆಯಲು ಸಿಕ್ಕ ಜಾಗದಲ್ಲಿ.

ನೆಲದ ಆಳದಲ್ಲಿ ನೀರು ತುಂಬ ಬಿಸಿ ಇರುತ್ತದೆ, ಒತ್ತಡವೂ ಜಾಸ್ತಿ. ಆ ನೀರು ಸುತ್ತಲಿನ ಬಂಡೆಯಿಂದ ಸಿಲಿಕಾವನ್ನು ಕರಗಿಸಿಕೊಳ್ಳುತ್ತದೆ. ಬಿರುಕಿನಲ್ಲಿ ಮೇಲೇರಿ ತಣ್ಣಗಾದಾಗ ಕರಗಿದ್ದನ್ನು ಅಲ್ಲೇ ಬಿಡುತ್ತದೆ. ಬಿರುಕು ಸಣ್ಣದಿದ್ದರೆ ಎರಡೂ ಗೋಡೆಯಿಂದ ಹರಳುಗಳು ಬೆಳೆದು, ಒಂದಕ್ಕೊಂದು ತಾಗಿ, ಒತ್ತೊತ್ತಾಗಿ ಗಟ್ಟಿಯಾಗುತ್ತವೆ. ಯಾವ ಹರಳಿಗೂ ತನ್ನ ಆಕಾರಕ್ಕೆ ಬರಲು ಜಾಗ ಉಳಿಯುವುದಿಲ್ಲ. ಬೇಗ ಬೆಳೆದದ್ದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ನೀರಿನ ಹನಿಗಳು ಒಳಗೇ ಸಿಕ್ಕಿಕೊಳ್ಳುತ್ತವೆ. ಬೆಣಚುಕಲ್ಲು ಹಾಲಿನ ಬಣ್ಣ ಇರುವುದು ಆ ಹನಿಗಳಿಂದಲೇ. ನಿಮ್ಮ ಹೊಲದ್ದು ಈ ಜಾತಿ.

ಅದೇ ಬಿರುಕು ಅಗಲವಾಗಿ, ನಡುವೆ ಪೊಳ್ಳು ಉಳಿದು, ಆ ಪೊಳ್ಳಿನಲ್ಲಿ ನೀರು ತುಂಬ ಕಾಲ ನಿಧಾನವಾಗಿ ಓಡಾಡಿದರೆ ಕಥೆ ಬೇರೆ. ಗೋಡೆಯಿಂದ ಹೊರಟ ಹರಳು ಖಾಲಿ ಜಾಗದ ಕಡೆ ಸುಮ್ನೆ ಬೆಳೆಯುತ್ತಾ ಹೋಗುತ್ತದೆ. ಆರು ಮುಖ, ತುದಿಯಲ್ಲಿ ಚೂಪು, ಒಳಗೆ ನೀರಿನಂತೆ ತಿಳಿ. ಬ್ರೆಜಿಲ್‌ನಲ್ಲಿ ಇಂಥ ಪೊಳ್ಳುಗಳು ಲೆಕ್ಕವಿಲ್ಲದಷ್ಟಿವೆ. ಅದೂ ಬೇರೆ ಬೇರೆ ಕಡೆ, ಬೇರೆ ಬೇರೆ ಕಾರಣಕ್ಕೆ ಆದವು. ಗೋಯಾಸ್ ರಾಜ್ಯದಲ್ಲಿ ಸಿಕ್ಕ ಒಂದೇ ಒಂದು ಹರಳು ಸುಮಾರು 6 ಮೀಟರ್ ಉದ್ದ, ಒಂದೂವರೆ ಮೀಟರ್ ದಪ್ಪ ಇತ್ತು. ತೂಕ 40 ಟನ್ ಹತ್ತಿರ. ದಾಖಲೆಯಲ್ಲಿರುವ ಅತಿ ದೊಡ್ಡ ಕ್ವಾರ್ಟ್ಜ್ ಹರಳು ಅದೇ. ಅದು ಬೆಳೆದ ಪೊಳ್ಳು ಎಷ್ಟು ದೊಡ್ಡದಿದ್ದಿರಬೇಕು, ಊಹಿಸಿ.

ಈಗ ಊರುಗಳಿಗೆ ಬರುತ್ತೇನೆ. ಮೊದಲು ಮಿನಾಸ್ ಜೆರಾಯಿಸ್. ಹೆಸರಿನಲ್ಲೇ ಗಣಿ ಇರುವ ರಾಜ್ಯ ಇದು. ಇಲ್ಲಿಂದ ಉತ್ತರಕ್ಕೆ ಬಹಿಯಾ ರಾಜ್ಯದವರೆಗೆ ಸಾವಿರ ಕಿಲೋಮೀಟರ್ ಉದ್ದಕ್ಕೆ ಎಸ್ಪಿನ್ಯಾಸೊ ಬೆಟ್ಟಸಾಲು ಹಬ್ಬಿದೆ. ಎಸ್ಪಿನ್ಯಾಸೊ ಅಂದರೆ ಬೆನ್ನುಮೂಳೆ. ಬಹಳ ಹಿಂದೆ ಇಲ್ಲಿ ಬಿದ್ದಿದ್ದ ಮರಳು ಗಟ್ಟಿಯಾಗಿ ಕ್ವಾರ್ಟ್ಜೈಟ್ ಬಂಡೆಯಾಯಿತು. ಆಮೇಲೆ ಸುಮಾರು 50-60 ಕೋಟಿ ವರ್ಷದ ಹಿಂದೆ ಭೂಖಂಡಗಳು ಒಂದಕ್ಕೊಂದು ಒತ್ತಿಕೊಂಡವು. ಬಂಡೆ ಮಡಚಿತು, ಬಿರಿಯಿತು. ಬಿರುಕಿನಲ್ಲಿ ಬಿಸಿನೀರು ಹರಿಯಿತು. ಬಂಡೆಯೇ ಸಿಲಿಕಾ ಆದ್ದರಿಂದ ನೀರಿಗೆ ಸರಕು ಹುಡುಕುವ ಕಷ್ಟವೇ ಇರಲಿಲ್ಲ. ದಿಯಮಂತಿನಾ, ಕೊರಿಂತೊ, ಕುರ್ವೆಲೊ ಸುತ್ತಮುತ್ತ, ಪಕ್ಕದ ಸೆರ್ರಾ ದೊ ಕಬ್ರಾಲ್ ಬೆಟ್ಟಗಳಲ್ಲಿ ಸಿಗುವ ಬಿಳಿ ಸ್ಫಟಿಕ ಹೀಗೆ ಆದದ್ದು. ಲೆಮೂರಿಯನ್ ಅಂತ ಹೆಸರಿಟ್ಟು, ಮೈಮೇಲೆ ಅಡ್ಡಗೆರೆ ಇರುವ ಸ್ಫಟಿಕ ಮಾರುತ್ತಾರಲ್ಲ, ಅದಕ್ಕೆ ಹೆಸರು ತಂದದ್ದು ಸೆರ್ರಾ ದೊ ಕಬ್ರಾಲ್. ಆ ಗೆರೆಗಳು ಹರಳು ಬೆಳೆದ ಗುರುತು. ಅದರ ಸುತ್ತ ಹೆಣೆದ ಮುಳುಗಿದ ಖಂಡದ ಕಥೆಗೆ ಭೂವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ.

ಸ್ಫಟಿಕ ತೆಗೆಯಲು ಅಲ್ಲಿ ಎಲ್ಲ ಕಡೆ ಬಂಡೆ ಒಡೆಯಬೇಕಿಲ್ಲ. ಮಳೆ ಬಿಸಿಲಿಗೆ ಸುತ್ತಲಿನ ಬಂಡೆ ಕರಗಿ ಕೆಂಪು ಜೇಡಿಮಣ್ಣಾಗಿದೆ. ಮಳೆನೀರಿಗೆ ಕ್ವಾರ್ಟ್ಜ್ ಕರಗುವುದಿಲ್ಲ. ಹಾಗಾಗಿ ಹರಳುಗಳು ಮಣ್ಣಿನಲ್ಲಿ ಗೆಣಸಿನ ಹಾಗೆ ಹೂತಿರುತ್ತವೆ. ಗುದ್ದಲಿ, ಹಾರೆ ಹಿಡಿದು ಅಗೆಯುವ ಸಣ್ಣ ಗಣಿಗಾರರನ್ನು ಅಲ್ಲಿ ಗರಿಂಪೇರೊ ಅನ್ನುತ್ತಾರೆ. ದೊಡ್ಡ ಯಂತ್ರ ತಂದರೆ ಹರಳಿನ ತುದಿ ಮುರಿಯುತ್ತದೆ. ತುದಿ ಮುರಿದರೆ ಬೆಲೆ ಬಿದ್ದುಹೋಗುತ್ತದೆ. ಹೀಗಾಗಿ ಇವತ್ತಿಗೂ ಕೈಕೆಲಸಕ್ಕೇ ಬೆಲೆ.

ಮಿನಾಸ್‌ನ ಪೂರ್ವ ಭಾಗದ್ದು ಇನ್ನೊಂದು ಕಥೆ. ಗೊವೆರ್ನದೋರ್ ವಲದಾರೆಸ್, ತೆಯೋಫಿಲೊ ಒತೋನಿ ಕಡೆ ಪೆಗ್ಮಟೈಟ್ ಅನ್ನುವ ಬಂಡೆ ಇದೆ. ಗ್ರಾನೈಟ್ ಕರಗಿದ್ದಾಗ ಕೊನೆಗೆ ಉಳಿದ ರಸ ಗಟ್ಟಿಯಾಗಿ ಆದದ್ದು ಇದು. ಟೂರ್ಮಲಿನ್, ಅಕ್ವಮರೀನ್ ಎಂಬ ರತ್ನಗಳು ಸಿಗುವ ನೆಲ. ತೆಯೋಫಿಲೊ ಒತೋನಿ ಊರಿನ ಬದುಕೇ ಹರಳಿನ ವ್ಯಾಪಾರ. ನನಗೆ ಇಲ್ಲಿಯ ಗುಲಾಬಿ ಕ್ವಾರ್ಟ್ಜ್ ಬಹಳ ಇಷ್ಟ. ಮಾಮೂಲಿ ಗುಲಾಬಿ ಕ್ವಾರ್ಟ್ಜ್ ಬರೀ ಗಡ್ಡೆ. ಮಬ್ಬು, ಮುಖ ಇಲ್ಲ, ತುದಿ ಇಲ್ಲ. ಅದರ ಬಣ್ಣ ಒಳಗಿನ ಅತಿ ಸಣ್ಣ ನಾರುಗಳಿಂದ ಬಂದದ್ದು. ಗುಲಾಬಿ ಬಣ್ಣದ ನಿಜವಾದ ಹರಳು, ಅಂದರೆ ಆರು ಮುಖದ ತಿಳಿ ಹರಳು, ಬಹಳ ಅಪರೂಪ. ಗಲಿಲೇಯಾ ಊರಿನ ಸಪುಕಾಯಾ ಗಣಿಯಲ್ಲಿ 1950ರ ದಶಕದ ಕೊನೆಯ ಹೊತ್ತಿಗೆ ಅಂಥ ಹರಳು ಸಿಕ್ಕವು. ಹೊಗೆ ಬಣ್ಣದ ಒಂದು ದೊಡ್ಡ ಹರಳಿನ ಸುತ್ತ ಗುಲಾಬಿ ಹರಳುಗಳು ಮೊಗ್ಗಿನ ಹಾರದಂತೆ ಕೂತಿರುತ್ತವೆ. ಈ ಬಣ್ಣ ಬಿಸಿಲಿಗೆ ಮಾಸುತ್ತದೆ, ಅದಕ್ಕೇ ಜೋಪಾನವಾಗಿ ನೆರಳಿನಲ್ಲಿಡುತ್ತಾರೆ.

ಗೋಯಾಸ್‌ನಲ್ಲಿ ಕ್ರಿಸ್ತಲಿನಾ ಅಂತಲೇ ಒಂದು ಊರಿದೆ. ರಾಜಧಾನಿ ಬ್ರಸೀಲಿಯಾದಿಂದ ಸುಮಾರು 130 ಕಿಲೋಮೀಟರ್. ಸ್ಫಟಿಕದಿಂದಲೇ ಊರಿಗೆ ಹೆಸರು ಬಂತು. ಬಹಿಯಾದ ನೋವೊ ಒರಿಜೋಂತೆ ಸುತ್ತ ಸಿಗುವ ಸ್ಫಟಿಕದ ಒಳಗೆ ಬಂಗಾರದ ಕೂದಲಿನಂಥ ಎಳೆಗಳಿರುತ್ತವೆ. ಅವು ರೂಟೈಲ್ ಅನ್ನುವ ಟೈಟಾನಿಯಂ ಖನಿಜದ ಸೂಜಿಗಳು. ಕೆಲವದರಲ್ಲಿ ನಡುವೆ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಒಂದು ಕಪ್ಪು ಚೂರು, ಅದರಿಂದ ಆರು ದಿಕ್ಕಿಗೆ ನಕ್ಷತ್ರದಂತೆ ಹೊರಟ ಸೂಜಿಗಳು. ಅದೇ ರಾಜ್ಯದ ಕಯೆತಿತೆ ಹತ್ತಿರ ಬ್ರೆಜಿನ್ಯೊ ದಾಸ್ ಅಮೆತಿಸ್ತಾಸ್ ಇದೆ. ಅಮೆಥಿಸ್ಟ್‌ಗಳ ಪುಟ್ಟ ಜೌಗು ನೆಲ ಅಂತ ಅರ್ಥ. ಅಮೆಥಿಸ್ಟ್ ಅಂದರೆ ನೇರಳೆ ಕ್ವಾರ್ಟ್ಜ್. ಅಮೆಜಾನ್ ಕಡೆಯ ಪರಾ ರಾಜ್ಯದಲ್ಲೂ ಮರಬಾ ಹೆಸರಿನಲ್ಲಿ ಮಾರುವ ಅಮೆಥಿಸ್ಟ್ ಇದೆ.

ಆದರೆ ನೀವು ತಂದ ನೇರಳೆ ಗೂಡು ಹೆಚ್ಚಾಗಿ ಇವು ಯಾವ ಕಡೆಯದೂ ಅಲ್ಲ. ಅದಕ್ಕೆ ಇನ್ನೂ ದಕ್ಷಿಣಕ್ಕೆ, ಉರುಗ್ವೆ ಗಡಿಗೆ ತಾಗಿದ ರಿಯೊ ಗ್ರಾಂದೆ ದೊ ಸುಲ್ ರಾಜ್ಯಕ್ಕೆ ಹೋಗಬೇಕು.

ಅಲ್ಲಿ ಸುಮಾರು 13 ಕೋಟಿ ವರ್ಷದ ಹಿಂದೆ, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕ ಬೇರೆಯಾಗುವ ಹೊತ್ತಿಗೆ, ನೆಲ ಬಿರಿದು ಲಾವಾ ಉಕ್ಕಿತು. ಒಂದರ ಮೇಲೊಂದು ಪದರವಾಗಿ ಹರಡಿ ಕಪ್ಪು ಬಸಾಲ್ಟ್ ಬಂಡೆಯಾಯಿತು. ವಿಜಯಪುರ, ಕಲಬುರಗಿಯಿಂದ ಮಹಾರಾಷ್ಟ್ರದವರೆಗೆ ಹಬ್ಬಿರುವ ನಮ್ಮ ಕಪ್ಪು ಬಂಡೆ ಇದೇ ಜಾತಿ. ನಮ್ಮದು ಅದರ ಅರ್ಧದಷ್ಟು ವಯಸ್ಸಿನದು, ಸುಮಾರು 6.6 ಕೋಟಿ ವರ್ಷ. ಅನ್ನ ಕುದಿಯುವಾಗ ಗುಳ್ಳೆ ಏಳುತ್ತದಲ್ಲ, ಲಾವಾದಲ್ಲೂ ಹಾಗೆಯೇ. ಗುಳ್ಳೆ ಇರುವಾಗಲೇ ಲಾವಾ ಗಟ್ಟಿಯಾದರೆ ಬಂಡೆಯಲ್ಲಿ ಪೊಳ್ಳು ಉಳಿಯುತ್ತದೆ. ಆಮೇಲೆ ಬಹಳ ಕಾಲ ಆ ಪೊಳ್ಳಿನೊಳಗೆ ಸಿಲಿಕಾ ಕರಗಿದ ನೀರು ಜಿನುಗಿತು. ನೀರು ಮಿನಾಸ್‌ನಷ್ಟು ಬಿಸಿಯೂ ಇರಲಿಲ್ಲ. ಮೊದಲು ಗೋಡೆಗೆ ತೆಳುವಾದ ಹಸಿರು ಪದರ, ಅದರ ಮೇಲೆ ಅಗೇಟ್ (ಪಟ್ಟೆಪಟ್ಟೆಯಾದ, ಅತಿ ಸಣ್ಣ ಹರಳುಗಳ ಕ್ವಾರ್ಟ್ಜ್), ಅದರ ಮೇಲೆ ಬಿಳಿ ಕ್ವಾರ್ಟ್ಜ್, ಕೊನೆಗೆ ನೇರಳೆ. ನಿಮ್ಮ ಗೂಡಿನ ಮುರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಹೊರಗಿನಿಂದ ಒಳಕ್ಕೆ ಈ ಪದರಗಳು ಕಾಣಬೇಕು. ನೇರಳೆ ಬಣ್ಣ ಕ್ವಾರ್ಟ್ಜ್‌ನಲ್ಲಿ ಚೂರು ಕಬ್ಬಿಣ ಸೇರಿ, ಅದಕ್ಕೆ ಬಂಡೆಯ ಸಹಜ ವಿಕಿರಣ ತಾಗಿ ಬಂದದ್ದು.

ಈ ರಾಜ್ಯದ ಉತ್ತರ ತುದಿಯಲ್ಲಿ ಅಮೆತಿಸ್ತಾ ದೊ ಸುಲ್ ಎಂಬ ಸಣ್ಣ ಊರಿದೆ. ಅಲ್ಲಿಯ ಚರ್ಚಿನ ಒಳಗೋಡೆಗೆ ಅಮೆಥಿಸ್ಟ್ ಮೆತ್ತಿದ್ದಾರೆ. ಸುತ್ತಲಿನ ಗುಡ್ಡಗಳ ಪಕ್ಕದಿಂದ ಅಡ್ಡಕ್ಕೆ ಸುರಂಗ ಕೊರೆದು ಒಳಗೆ ಹೋಗುತ್ತಾರೆ. ಪೊಳ್ಳು ಸಿಕ್ಕಿತು ಅನ್ನಿಸಿದರೆ ಸಣ್ಣ ತೂತು ಮಾಡಿ ಬೆಳಕು ಬಿಟ್ಟು ಇಣುಕುತ್ತಾರೆ. ಬಣ್ಣ ಚೆನ್ನಾಗಿದ್ದರೆ ಸುತ್ತಲಿನ ಬಂಡೆಯನ್ನು ಹುಷಾರಾಗಿ ಬಿಡಿಸಿ ಇಡೀ ಗೂಡನ್ನು ಹೊರಗೆ ತರುತ್ತಾರೆ. ಆಮೇಲೆ ಅದು ಸೊಲೆದಾದಿ ಊರಿನ ವ್ಯಾಪಾರಿಗಳ ಕೈ ಸೇರುತ್ತದೆ. ನಿಮ್ಮ ಗೂಡಿನ ಹಿಂಬದಿಗೆ ಸಿಮೆಂಟು ಬಳಿದು ಬಣ್ಣ ಹೊಡೆದಿರಬಹುದು. ಹಾಗಿದ್ದರೆ ಮೋಸ ಅಂದುಕೊಳ್ಳಬೇಡಿ. ಒಡೆಯದಿರಲಿ ಅಂತ ಎಲ್ಲರೂ ಹಾಗೆ ಮಾಡುತ್ತಾರೆ.

ಈ ವ್ಯಾಪಾರ ಹಳೆಯದು. ಜರ್ಮನಿಯ ಇದಾರ್-ಓಬರ್‌ಸ್ಟೈನ್ ಊರಿನವರು ತಲೆಮಾರುಗಳಿಂದ ಅಗೇಟ್ ಕಡೆಯುವವರು. ಅವರ ಗುಡ್ಡದ ಕಲ್ಲು ಮುಗಿಯುತ್ತಾ ಬಂತು. ಹೊಟ್ಟೆಪಾಡಿಗೆ ಕೆಲವರು ದಕ್ಷಿಣ ಬ್ರೆಜಿಲ್‌ಗೆ ಗುಳೆ ಹೋದರು. ಅಲ್ಲಿ ಹೊಳೆಯ ಪಾತ್ರದಲ್ಲಿ ಬಿದ್ದಿದ್ದ ಕಲ್ಲು ನೋಡಿದ ತಕ್ಷಣ ಗುರುತು ಹಿಡಿದರು. ಬೇರೆಯವರಿಗೆ ಅದು ಬರೀ ಉಂಡೆಕಲ್ಲು. 1834ರಲ್ಲಿ ಮೊದಲ ಅಗೇಟ್ ಸರಕು ಇದಾರ್-ಓಬರ್‌ಸ್ಟೈನ್ ತಲುಪಿತು. ಖಾಲಿ ಹಡಗು ತೂಗಾಡದಿರಲಿ ಅಂತ ತಳಕ್ಕೆ ಭಾರ ಹಾಕಬೇಕಿತ್ತು. ಆ ಭಾರವಾಗಿಯೇ ಅಗೇಟ್ ಸಮುದ್ರ ದಾಟಿತು. ಇವತ್ತು ಅಂಗಡಿಯಲ್ಲಿ ಕಾಣುವ ಕಡುನೀಲಿ, ಕಡುಗುಲಾಬಿ ಅಗೇಟ್ ಬಿಲ್ಲೆಗಳಿಗೆ ಬಣ್ಣ ಹಾಕಿರುತ್ತಾರೆ. ಬ್ರೆಜಿಲ್ ಅಗೇಟ್ ಬಣ್ಣವನ್ನು ಚೆನ್ನಾಗಿ ಹೀರುತ್ತದೆ.

ಇನ್ನು ನಿಮ್ಮ ಹಳದಿ ಹರಳು. ನೆಲದಿಂದಲೇ ಹಳದಿಯಾಗಿ ಬರುವ ಕ್ವಾರ್ಟ್ಜ್, ಅಂದರೆ ಸಹಜ ಸಿಟ್ರಿನ್, ಕಡಿಮೆ. ಸಿಕ್ಕಿದ್ದೂ ತಿಳಿಹಳದಿ. ಅಂಗಡಿಯ ಕಿತ್ತಳೆ ಕಲಸಿದ ಗಾಢ ಹಳದಿ ಹೆಚ್ಚಾಗಿ ಬ್ರೆಜಿಲ್‌ನ ಅಮೆಥಿಸ್ಟನ್ನೇ ಕುಲುಮೆಯಲ್ಲಿಟ್ಟು ಕಾಯಿಸಿದ್ದು. ಸುಮಾರು 450-500 ಡಿಗ್ರಿ ಶಾಖಕ್ಕೆ ನೇರಳೆ ಹೋಗಿ ಹಳದಿ ಬರುತ್ತದೆ. ಮಿನಾಸ್‌ನ ಮೊಂತೆಜುಮಾದ ಅಮೆಥಿಸ್ಟ್ ಮಾತ್ರ ಕಾಯಿಸಿದರೆ ಎಲೆಹಸಿರು ಆಗುತ್ತದೆ. ಅದಕ್ಕೆ ಪ್ರಾಸಿಯೊಲೈಟ್ ಅಂತ ಹೆಸರು. ಕಾಯಿಸಿದ ಹರಳು ನಕಲಿ ಅಲ್ಲ, ಅದು ಕ್ವಾರ್ಟ್ಜೇ. ಬಣ್ಣವೂ ಮತ್ತೆ ಹೋಗುವುದಿಲ್ಲ. ಆದರೆ ಕಾಯಿಸಿದ್ದು ಅಂತ ಹೇಳಿ ಮಾರುವುದು ಅಂಗಡಿಯವರ ಕರ್ತವ್ಯ. ಇದನ್ನು ಪುಷ್ಯರಾಗ ಅಂತ ಹೇಳಿ ಕೊಟ್ಟಿದ್ದರೆ ಮಾತ್ರ ಅದು ಪೂರ್ತಿ ಮೋಸ. ಬಿಲ್ಲಿನಲ್ಲಿ ಏನು ಬರೆದಿದ್ದಾರೆ ನೋಡಿ.

ಅಸಲಿಯೇ ಅಂತ ಕೇಳಿದಿರಿ. ಮಾಲೆಯದ್ದೇ ದೊಡ್ಡ ಅನುಮಾನ, ಯಾಕೆಂದರೆ ಸ್ಫಟಿಕ ಅಂತ ಗಾಜು ಮಾರುವುದು ತುಂಬ ಮಾಮೂಲಿ. ಮಣಿಯನ್ನು ಕೆನ್ನೆಗೆ ತಾಗಿಸಿ. ಸ್ಫಟಿಕ ಗಾಜಿಗಿಂತ ತಣ್ಣಗಿರುತ್ತದೆ, ಆ ತಂಪು ಹೆಚ್ಚು ಹೊತ್ತು ಉಳಿಯುತ್ತದೆ. ಭೂತಗನ್ನಡಿ ಹಿಡಿದು ಒಳಗೆ ನೋಡಿ. ದುಂಡನೆಯ ಗಾಳಿಗುಳ್ಳೆ ಕಂಡರೆ ಗಾಜು. ಸ್ಫಟಿಕದೊಳಗೆ ಸಣ್ಣ ಬಿರುಕು, ಮೋಡದಂಥ ಎಳೆ ಇರಬಹುದು, ಮಣಿಮಣಿಯಾದ ಗುಳ್ಳೆ ಇರುವುದಿಲ್ಲ. ಸ್ಫಟಿಕದ ದೊಡ್ಡ ಗುಂಡು ಇದ್ದರೆ ಇನ್ನೂ ಚೆಂದದ ಪರೀಕ್ಷೆ ಇದೆ. ಒಂದು ತಲೆಕೂದಲಿನ ಮೇಲೆ ಗುಂಡಿಟ್ಟು ಮೇಲಿನಿಂದ ನೋಡುತ್ತಾ ನಿಧಾನವಾಗಿ ಹೊರಳಿಸಿ. ಯಾವುದೋ ಒಂದು ದಿಕ್ಕಿನಲ್ಲಿ ಕೂದಲು ಎರಡಾಗಿ ಕಾಣುತ್ತದೆ. ಗಾಜಿನಲ್ಲಿ ಯಾವತ್ತೂ ಎರಡಾಗುವುದಿಲ್ಲ. ಸಣ್ಣ ಮಣಿಯಲ್ಲಿ ಇದು ಕಾಣುವುದು ಕಷ್ಟ. ಚೆರ್ರಿ ಕ್ವಾರ್ಟ್ಜ್ ಅಂತ ಮಾರುವ ಕೆಂಪು ಮಬ್ಬಿನ ಮಣಿಗಳಂತೂ ಸಾಮಾನ್ಯವಾಗಿ ಗಾಜೇ.

ಗಾಜಲ್ಲ, ಕ್ವಾರ್ಟ್ಜೇ ಅಂತ ಆದಮೇಲೂ ನೆಲದ್ದೋ, ಕಾರ್ಖಾನೆಯದ್ದೋ ಎಂಬ ಪ್ರಶ್ನೆ ಉಳಿಯುತ್ತದೆ. ಬಣ್ಣದ ಹರಳಿನಲ್ಲಿ ಇದು ಮನೆಯಲ್ಲಿ ಗೊತ್ತಾಗುವುದಿಲ್ಲ, ಪ್ರಯೋಗಾಲಯಕ್ಕೇ ಕೊಡಬೇಕು. ಅಲ್ಲಿ ನೋಡುವ ಒಂದು ಗುರುತಿಗೆ ಬ್ರೆಜಿಲ್ ಹೆಸರೇ ಇದೆ. ಕ್ವಾರ್ಟ್ಜ್‌ನಲ್ಲಿ ಪರಮಾಣುಗಳು ಸುರುಳಿ ಮೆಟ್ಟಿಲಿನಂತೆ ಜೋಡಣೆಯಾಗಿರುತ್ತವೆ. ಕೆಲವು ಬಲಕ್ಕೆ ಸುತ್ತುತ್ತವೆ, ಕೆಲವು ಎಡಕ್ಕೆ. ಒಂದೇ ಹರಳಿನಲ್ಲಿ ಎರಡೂ ಸೇರಿಕೊಂಡಿದ್ದರೆ ಅದನ್ನು ಬ್ರೆಜಿಲ್ ಜೋಡಿ ಹರಳು ಅನ್ನುತ್ತಾರೆ. ನೆಲದಿಂದ ಬಂದ ಅಮೆಥಿಸ್ಟ್‌ನಲ್ಲಿ ಇದು ಸಾಮಾನ್ಯ. ಕಾರ್ಖಾನೆಯಲ್ಲಿ ಬೆಳೆಸಿದ್ದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಮೂರೂ ಬ್ರೆಜಿಲ್‌ನವೇ ಅಂತ ನೋಡಿ ಹೇಳಬಹುದೇ? ಗೂಡಿನ ಬಗ್ಗೆ ಒಂದು ಅಂದಾಜು ಹೇಳಬಹುದು, ಬ್ರೆಜಿಲ್ ಅಥವಾ ಪಕ್ಕದ ಉರುಗ್ವೆ ಅಂತ. ಬಿಳಿ ಸ್ಫಟಿಕದ ಮಣಿ ನೋಡಿ ಇಂಥ ದೇಶದ್ದು ಅಂತ ನಾನಂತೂ ಹೇಳಲಾರೆ. ಹಾಗೆ ಹೇಳುವವರನ್ನು ನಂಬಲೂ ಆರೆ. ಬ್ರೆಜಿಲ್‌ನ ಕಚ್ಚಾ ಕಲ್ಲು ಜೈಪುರಕ್ಕೆ ಬಂದು ಅಲ್ಲಿ ಕಡೆಯುವುದು ನಿಜ. ಆದರೆ ಮಣಿಯಾದ ಮೇಲೆ ಅದರ ಹುಟ್ಟೂರು ಅಳಿಸಿಹೋಗಿರುತ್ತದೆ.

ಬ್ರೆಜಿಲ್‌ಗೆ ಇಷ್ಟು ಹೆಸರು ಬಂದದ್ದು ಬರೀ ಆಭರಣದಿಂದಲ್ಲ. 1880ರಲ್ಲಿ ಪಿಯರೆ ಕ್ಯೂರಿ, ಅವರ ಅಣ್ಣ ಜಾಕ್ ಕ್ಯೂರಿ ಒಂದು ವಿಷಯ ಕಂಡುಕೊಂಡರು. ಕ್ವಾರ್ಟ್ಜ್ ಹರಳನ್ನು ಒತ್ತಿದರೆ ಅದರ ಮೈಮೇಲೆ ವಿದ್ಯುತ್ ಹುಟ್ಟುತ್ತದೆ. ವಿದ್ಯುತ್ ಕೊಟ್ಟರೆ ಹರಳು ಕಂಪಿಸುತ್ತದೆ. ಸರಿಯಾಗಿ ಕತ್ತರಿಸಿದ ಚೂರು ಒಂದೇ ಲಯದಲ್ಲಿ ಕಂಪಿಸುತ್ತಾ ಇರುತ್ತದೆ. ನಿಮ್ಮ ಗೋಡೆ ಗಡಿಯಾರದ ಮೇಲೆ ಕ್ವಾರ್ಟ್ಜ್ ಅಂತ ಬರೆದಿರುತ್ತದಲ್ಲ, ಒಳಗಿರುವ ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಎರಡನೇ ಮಹಾಯುದ್ಧದಲ್ಲಿ ಟ್ಯಾಂಕು, ವಿಮಾನ, ಹಡಗಿನ ರೇಡಿಯೊಗಳಿಗೆ ಇಂಥ ಚೂರುಗಳು ಕೋಟಿಗಟ್ಟಲೆ ಬೇಕಾದವು. ರೇಡಿಯೊಗೆ ಆಗುವಷ್ಟು ದೊಡ್ಡ, ತಿಳಿ, ದೋಷವಿಲ್ಲದ ಹರಳು ಬೇಕಾದಷ್ಟು ಸಿಗುತ್ತಿದ್ದದ್ದು ಹೆಚ್ಚುಕಡಿಮೆ ಬ್ರೆಜಿಲ್‌ನಲ್ಲಿ ಮಾತ್ರ. ಮಿನಾಸ್, ಗೋಯಾಸ್, ಬಹಿಯಾದ ಮಣ್ಣಿನಿಂದ ಗುದ್ದಲಿಯಲ್ಲಿ ಅಗೆದ ಹರಳನ್ನು ಅಮೆರಿಕ ವಿಮಾನದಲ್ಲೂ ಸಾಗಿಸಿತು. ಅದರಲ್ಲೂ ಬಹುಪಾಲು ವ್ಯರ್ಥ. ಮೇಲೆ ಹೇಳಿದ ಜೋಡಿ ಹರಳಿನ ಭಾಗ ರೇಡಿಯೊಗೆ ಬರುವುದಿಲ್ಲ, ಕತ್ತರಿಸಿ ಬಿಸಾಡಬೇಕು.

ಆ ಪರದಾಟದಿಂದಲೇ ಕಾರ್ಖಾನೆಯಲ್ಲಿ ಹರಳು ಬೆಳೆಸುವ ಕೆಲಸ ಜೋರಾಯಿತು. 1950ರ ದಶಕದಲ್ಲಿ ಅದು ಕೈಗೂಡಿತು. ದಪ್ಪ ಉಕ್ಕಿನ ಪಾತ್ರೆಯಲ್ಲಿ ಕ್ಷಾರ ಬೆರೆತ ನೀರು, ಕೆಳಗೆ ಕ್ವಾರ್ಟ್ಜ್ ಚೂರು, ಮೇಲೆ ತೂಗುಹಾಕಿದ ಬೀಜದ ಹರಳು. ಸುಮಾರು 350 ಡಿಗ್ರಿ ಶಾಖ. ಕೆಳಗಿನದು ಕರಗಿ ಮೇಲಿನದಕ್ಕೆ ಅಂಟುತ್ತದೆ. ನೆಲದ ಪೊಳ್ಳಿನಲ್ಲಿ ಆಗುವುದನ್ನೇ ಪ್ರೆಶರ್ ಕುಕ್ಕರ್ ಥರದ ಪಾತ್ರೆಯಲ್ಲಿ ಮಾಡುತ್ತಾರೆ, ಅಷ್ಟೇ. ಕೆಳಗೆ ಹಾಕುವ ಚೂರಿಗೆ ಲಾಸ್ಕಾ ಅಂತ ಹೆಸರು. ಅದು ಬ್ರೆಜಿಲ್‌ನ ಪೋರ್ಚುಗೀಸ್ ಮಾತು. ಬಹಳ ಕಾಲ ಆ ಚೂರೂ ಬ್ರೆಜಿಲ್‌ನಿಂದಲೇ ಹೋಗುತ್ತಿತ್ತು.

ಒಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಕ್ವಾರ್ಟ್ಜ್ ಕೈಯಲ್ಲಿ ಹಿಡಿದರೆ, ಕೊರಳಿಗೆ ಹಾಕಿದರೆ ಏನೂ ಆಗುವುದಿಲ್ಲ. ಅದರ ಧೂಳು ಮಾತ್ರ ವಿಷ. ಸಣ್ಣ ಕಣ ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಅಲ್ಲೇ ಗಾಯವಾಗಿ ಗಟ್ಟಿಯಾಗುತ್ತದೆ. ಇದಕ್ಕೆ ಸಿಲಿಕೋಸಿಸ್ ಅನ್ನುತ್ತಾರೆ, ವಾಸಿಯಾಗುವ ಮದ್ದಿಲ್ಲ. ಕೊರಿಂತೊದಲ್ಲಿ ಮನೆಯ ಹಿತ್ತಲಲ್ಲೇ ಸ್ಫಟಿಕ ಕಡೆಯುತ್ತಿದ್ದ ಕುಶಲಕರ್ಮಿಗಳಲ್ಲಿ, ಚಿಕ್ಕ ವಯಸ್ಸಿನವರಲ್ಲೂ, ಈ ಕಾಯಿಲೆ ಕಂಡುಬಂದಿದೆ. ಅಮೆತಿಸ್ತಾ ದೊ ಸುಲ್‌ನ ಗಣಿಯವರಿಗೂ ಬಂದಿದೆ. ನಮ್ಮ ಗುಜರಾತಿನ ಖಂಭಾತ್‌ನಲ್ಲಿ ಅಗೇಟ್ ಉಜ್ಜುವವರಿಗೂ ಅದೇ ಗತಿ. ಅಡುಗೆಮನೆಗೆ ಹಾಕಿಸುವ ಕ್ವಾರ್ಟ್ಜ್ ಸ್ಲ್ಯಾಬ್ ಕತ್ತರಿಸುವವರಿಗೂ ಇದೇ ಅಪಾಯ. ಆಸ್ಟ್ರೇಲಿಯಾ ಇದೇ ಕಾರಣಕ್ಕೆ 2024ರ ಜುಲೈ 1ರಿಂದ ಆ ಕೃತಕ ಸ್ಲ್ಯಾಬನ್ನೇ ನಿಷೇಧಿಸಿತು. ಕಡೆಯುವಾಗ ಕಲ್ಲಿನ ಮೇಲೆ ನೀರು ಬಿಟ್ಟರೆ ಧೂಳು ಬಹಳ ಕಡಿಮೆಯಾಗುತ್ತದೆ. ಇಷ್ಟು ಸುಲಭದ ವ್ಯವಸ್ಥೆ ಇಲ್ಲದೆ ಜೀವ ಹೋಗುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಕೊನೆಗೆ ನಿಮ್ಮ ಹೊಲದ ಮಾತು. ಅಲ್ಲಿರುವುದು ಬರೀ ಬಿಳಿಗಡ್ಡೆ ಅಂತ ಬಿಟ್ಟುಬಿಡಬೇಡಿ. ಮಳೆ ಬಂದು ಮಣ್ಣು ತೊಳೆದ ಮೇಲೆ ದೊಡ್ಡ ಬೆಣಚುಕಲ್ಲುಗಳನ್ನು ಹೊರಳಿಸಿ ನೋಡಿ. ಕೆಲವದರಲ್ಲಿ ಬೆರಳು ತೂರುವಷ್ಟು ಸಣ್ಣ ಗೂಡು ಇರುತ್ತದೆ. ಮಣ್ಣು ತುಂಬಿರುತ್ತದೆ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ನೀರು ಹಾಕಿ ತೊಳೆಯಿರಿ. ಒಳಗೋಡೆಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ, ಆರು ಮುಖದ, ಚೂಪು ತುದಿಯ ಹರಳು ಕಂಡರೆ ಅದು ಮಿನಾಸ್‌ನ ಹರಳು ಬೆಳೆದ ರೀತಿಯಲ್ಲೇ ಬೆಳೆದದ್ದು, ಜಾಗ ಮಾತ್ರ ಚಿಕ್ಕದು ಸಿಕ್ಕಿದೆ. ಸುತ್ತಿಗೆ ಹಿಡಿಯುವುದಾದರೆ ಕಲ್ಲು ಒದ್ದೆ ಮಾಡಿಕೊಳ್ಳಿ, ಕಣ್ಣಿಗೆ ಕನ್ನಡಕ ಇರಲಿ, ಮೂಗಿಗೆ ಮಾಸ್ಕ್ ಇರಲಿ. ಗೂಡು ಸಿಕ್ಕರೆ ಪಕ್ಕಕ್ಕೆ ಒಂದು ನಾಣ್ಯ ಇಟ್ಟು ಫೋಟೊ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ.